‘ದಯವಿಟ್ಟು’ ಹೋಗಿ ‘ಚಯವಿಟ್ಟು’ ಬಂದದ್ದು ಹೇಗೆ?

ಮಾನ್ಯ ಸಂಪಾದಕರೇ,

ಆಮಂತ್ರಣ ಪತ್ರಿಕೆ, ನೋಟಿಸು, ಕರಪತ್ರಗಳಲ್ಲಿ ತಪ್ಪುಗಳು ಜಾಸ್ತಿಯಾಗಿವೆ, ಡಿಟಿಪಿ (ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟ ಜೋಡಿಸುವ ಕೆಲಸ) ಮಾಡುವವರಿಗೆ ಕನ್ನಡವೇ ಬರುವುದಿಲ್ಲ ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಸಿಟ್ಟಿನಿಂದ ಬರೆದಿದ್ದರು. ಸಿಟ್ಟು ನ್ಯಾಯವಾದದ್ದೇ. ಆದರೆ ಅವರು ಕೊಟ್ಟ ಪಟ್ಟಿಯಲ್ಲಿ ಎರಡು ತಪ್ಪುಗಳನ್ನು ನೋಡಿ ನನಗೆ ನಗು ಬಂತು. ಒಂದು ‘ಚಯವಿಟ್ಟು’, ಇನ್ನೊಂದು ‘ಈಲ್ಲಾಧಿಕಾರಿ’. ಉಡುಪಿಯ ಸರ್ವಿಸ್ ಬಸ್‌ಸ್ಟ್ಯಾಂಡಿನ ಹತ್ತಿರ ಸಣ್ಣದೊಂದು ಡಿಟಿಪಿ ಅಂಗಡಿ ಇಟ್ಟುಕೊಂಡವಳು ನಾನು. ಈ ಎರಡು ತಪ್ಪು ಯಾರದ್ದು ಎಂದು ನೋಡಿದ ಕೂಡಲೇ ಹೇಳಬಲ್ಲೆ. ಕನ್ನಡ ಸರಿಯಾಗಿ ಬಾರದವರು ಅ-ಹ ಅದಲುಬದಲು ಮಾಡುತ್ತಾರೆ, ಒತ್ತಕ್ಷರ ಬಿಡುತ್ತಾರೆ, ಮಹಾಪ್ರಾಣವನ್ನು ಅಲ್ಪಪ್ರಾಣ ಮಾಡುತ್ತಾರೆ. ‘ದಯವಿಟ್ಟು’ ಬರೆಯಲು ಹೋಗಿ ‘ಚಯವಿಟ್ಟು’ ಬರೆಯುವವರು ಮನುಷ್ಯರಲ್ಲಿ ಇಲ್ಲ. ಅದನ್ನು ಬರೆದದ್ದು ನಾವು ಟೈಪ್ ಮಾಡುವ ವರ್ಡ್ ತಂತ್ರಾಂಶದ ಒಳಗೆ ಕೂತಿರುವ ಆಟೋಕರೆಕ್ಟ್, ಅಂದರೆ ನಾವು ಒತ್ತಿದ್ದನ್ನು ತಾನಾಗಿ ತಿದ್ದುವ ವ್ಯವಸ್ಥೆ.

ಆ ಓದುಗರಿಗೂ, ಅವರ ಹಾಗೆಯೇ ಯೋಚಿಸುವವರಿಗೂ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು ಅನ್ನಿಸಿತು. ಪತ್ರ ಉದ್ದವಾದರೆ ಕತ್ತರಿಸಿ, ಆದರೆ ನಡುವಿನ ಭಾಗ ಬಿಡಬೇಡಿ.

‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟುಗಳನ್ನು ನಮ್ಮ ಕಡೆಯ ಪ್ರೆಸ್ಸುಗಳು ಈಗಲೂ ಬಳಸುತ್ತವೆ. ಆ ಫಾಂಟುಗಳಲ್ಲಿ ಕನ್ನಡಕ್ಕೆ ಸ್ವಂತ ಮನೆ ಇಲ್ಲ, ಅದು ಬಾಡಿಗೆಗೆ ಇದೆ. ಇಂಗ್ಲಿಷಿಗೂ ಯುರೋಪಿನ ಭಾಷೆಗಳಿಗೂ ಎಂದು ಇದ್ದ ಜಾಗಗಳಲ್ಲೇ ಕನ್ನಡದ ಅಕ್ಷರಗಳನ್ನೂ ಅಕ್ಷರದ ತುಂಡುಗಳನ್ನೂ ಕೂರಿಸಿದ್ದಾರೆ. ಪರದೆಯ ಮೇಲೆ ನಿಮಗೆ ಕಾಣುವುದು ‘ಜಿ’. ಕಂಪ್ಯೂಟರ್ ತನ್ನೊಳಗೆ ಇಟ್ಟುಕೊಂಡಿರುವುದು ಇಂಗ್ಲಿಷಿನ ಸ್ಮಾಲ್ ಎಫ್. ಕ್ಯಾಪಿಟಲ್ ಎಫ್ ಜಾಗದಲ್ಲಿ ಇರುವುದು ‘ಈ’. ಇನ್ನು ವರ್ಡ್‌ಗೆ ಇದು ಕನ್ನಡ ಎಂದು ಗೊತ್ತೇ ಇಲ್ಲ. ಅದರ ಲೆಕ್ಕದಲ್ಲಿ ಯಾರೋ ಇಂಗ್ಲಿಷ್ ವಾಕ್ಯವನ್ನು ಸ್ಮಾಲ್ ಅಕ್ಷರದಲ್ಲಿ ಶುರು ಮಾಡಿದ್ದಾರೆ. ಪಾಪ, ಸರಿ ಮಾಡಿಕೊಡುತ್ತದೆ. ವಾಕ್ಯದ ಮೊದಲ ಅಕ್ಷರ ಕ್ಯಾಪಿಟಲ್ ಆಗುತ್ತದೆ. ‘ಜಿಲ್ಲಾಧಿಕಾರಿ’ ‘ಈಲ್ಲಾಧಿಕಾರಿ’ ಆಗುತ್ತಾರೆ.

ಹೀಗೇ ‘ದ’ ಇರುವುದು ಸ್ಮಾಲ್ ಜೆಡ್‌ನಲ್ಲಿ, ‘ಚ’ ಇರುವುದು ಕ್ಯಾಪಿಟಲ್ ಜೆಡ್‌ನಲ್ಲಿ. ವಾಕ್ಯದ ಮೊದಲಿಗೆ ಬಂದ ‘ದಾಖಲೆ’ ‘ಚಾಖಲೆ’ ಆಗುವುದು ಅದಕ್ಕೇ. ‘ಜ’ಕ್ಕೆ ಸ್ಮಾಲ್ ಡಿ, ‘ಆ’ಕ್ಕೆ ಕ್ಯಾಪಿಟಲ್ ಡಿ. ‘ಜನರು’ ಅಂತ ಬರೆದರೆ ‘ಆನರು’. ‘ಟಿ’ ಸ್ಮಾಲ್ ಎನ್, ‘ಓ’ ಕ್ಯಾಪಿಟಲ್ ಎನ್, ಹಾಗಾಗಿ ‘ಟಿಪ್ಪಣಿ’ ‘ಓಪ್ಪಣಿ’. ‘ರಿಕ್ಷಾ’ ‘ಎಕ್ಷಾ’ ಆದದ್ದನ್ನೂ ನೋಡಿದ್ದೇನೆ. ‘ತೋಟ’ ಅಂತ ವಾಕ್ಯ ಶುರುವಾದರಂತೂ ಬರುವುದು ಓದಲಾಗದ ಒಂದು ಗಂಟು. ಅದಾದರೆ ಒಳ್ಳೆಯದೇ, ಕಣ್ಣಿಗೆ ಹೊಡೆಯುತ್ತದೆ, ತಿದ್ದುತ್ತಾರೆ. ಓದಲು ಬರುವ ತಪ್ಪೇ ಅಪಾಯದ್ದು.

ಎಲ್ಲ ಪದಕ್ಕೂ ಹೀಗಾಗುವುದಿಲ್ಲ. ‘ಮ’, ‘ನ’, ‘ಪ’ಗಳು ಕೂತಿರುವುದು ಸ್ಮಾಲ್-ಕ್ಯಾಪಿಟಲ್ ಭೇದವೇ ಇಲ್ಲದ ಚಿಹ್ನೆಗಳ ಜಾಗದಲ್ಲಿ. ಅವು ಬಚಾವ್. ಆದ್ದರಿಂದ ಒಂದು ಪುಟದಲ್ಲಿ ನಾಲ್ಕು ಪ್ಯಾರಾ ಸರಿ ಇರುತ್ತವೆ, ಐದನೆಯದರ ಮೊದಲ ಅಕ್ಷರ ಮಾತ್ರ ಕೆಟ್ಟಿರುತ್ತದೆ. ಇದನ್ನು ನೋಡಿದ ಗಿರಾಕಿಗೆ ಅನ್ನಿಸುವುದು ಒಂದೇ: ಟೈಪ್ ಮಾಡಿದವಳ ಗಮನ ಮೊಬೈಲ್ ಮೇಲೆ ಇತ್ತು.

ಆಮಂತ್ರಣದಲ್ಲಿ ಒಂದು ಅಕ್ಷರ ತಪ್ಪಿದರೆ ನಾಲ್ಕು ಜನ ನಗುತ್ತಾರೆ, ಮುಗಿಯಿತು. ಜಾಗದ ಕಾಗದ ಹಾಗಲ್ಲ.

ಮಳೆಗಾಲದಲ್ಲಿ ಕಲ್ಯಾಣಪುರ ಕಡೆಯ ಹಿರಿಯರೊಬ್ಬರು ಅಣ್ಣತಮ್ಮಂದಿರ ಪಾಲುಪಟ್ಟಿಯ ಕರಡು ಹಿಡಿದುಕೊಂಡು ಬಂದರು. ಮನೆಯಲ್ಲೇ ಮೊಮ್ಮಗ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದ್ದಂತೆ. ಹುಡುಗನ ಕೆಲಸ ಅಚ್ಚುಕಟ್ಟು. ಷೆಡ್ಯೂಲಿನಲ್ಲಿ ಚಂದದ ಟೇಬಲ್ ಹಾಕಿದ್ದ: ಸರ್ವೆ ನಂಬ್ರ, ಕಿಸಂ (ಜಾಗದ ಬಗೆ), ವಿಸ್ತೀರ್ಣ. ಆದರೆ ಸರ್ವೆ ನಂಬ್ರದ ಕೆಳಗೆ ಒಂದು ಕಡೆ ಬರೀ ‘ಳಿ’ ಅಂತ ಇತ್ತು. ಅದರ ಕೆಳಗೆ ಇನ್ನೊಂದು ಕಡೆ ತಲೆಕಟ್ಟಿಲ್ಲದ ಒಂದು ‘ಳ’. ವಕೀಲರ ಕಡೆಯವರು ಅದಕ್ಕೆ ಸುತ್ತು ಹಾಕಿ ವಾಪಸ್ ಕಳಿಸಿದ್ದರು. ಅಜ್ಜನಿಗೆ ಚಿಂತೆ. “ಎಂತ ಮಾರಾಯ್ತಿ ಇದು, ನಮ್ಮ ಜಾಗಕ್ಕೆ ‘ಳಿ’ ಅಂತ ನಂಬ್ರ ಉಂಟಾ?”

ಪೆನ್‌ಡ್ರೈವ್ ಹಾಕಿ ಫೈಲ್ ತೆರೆದೆ. ಆ ‘ಳಿ’ಯನ್ನು ಮಾತ್ರ ಸೆಲೆಕ್ಟ್ ಮಾಡಿ ಫಾಂಟನ್ನು ಟೈಮ್ಸ್ ನ್ಯೂ ರೋಮನ್‌ಗೆ ಬದಲಾಯಿಸಿದೆ. ಪರದೆಯ ಮೇಲೆ ½ ಕಾಣಿಸಿತು. ತಲೆಕಟ್ಟಿಲ್ಲದ ‘ಳ’ಕ್ಕೂ ಹಾಗೇ ಮಾಡಿದೆ, ¼ ಬಂತು. ಅಜ್ಜ ತಮ್ಮ ಚೀಲದಿಂದ ಪಹಣಿ ತೆಗೆದು ಮೇಜಿನ ಮೇಲೆ ಇಟ್ಟರು. ಸರ್ವೆ ನಂಬ್ರ 1/2, ಸರ್ವೆ ನಂಬ್ರ 1/4. ಹುಡುಗ ಸರಿಯಾಗಿಯೇ ಒತ್ತಿದ್ದ. ಒಂದು, ಗೆರೆ, ಎರಡು ಒತ್ತಿ ಸ್ಪೇಸ್ ಕೊಟ್ಟ ಕೂಡಲೇ ವರ್ಡ್ ಅದನ್ನು ಅರ್ಧ ಎಂದು ತಿಳಿದು ½ ಎಂಬ ಒಂದೇ ಚಿಹ್ನೆ ಮಾಡಿತು. ನುಡಿ ಫಾಂಟಿನಲ್ಲಿ ಆ ಚಿಹ್ನೆಯ ಜಾಗದಲ್ಲಿ ಕೂತಿರುವುದು ‘ಳಿ’. ‘ಹಳ್ಳಿ’, ‘ಕೋಳಿ’ ಎಂದೆಲ್ಲ ಬರೆಯುವಾಗ ಬರುತ್ತದಲ್ಲ, ಅದೇ ‘ಳಿ’.

ಕನ್ನಡಕ್ಕೆ ಸ್ವಂತ ಜಾಗ ಇರುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದರೆ ಈ ‘ಳಿ’ ಬರುತ್ತಿರಲಿಲ್ಲ. ಆದರೆ ಆಗಲೂ ಸರ್ವೆ ನಂಬ್ರ ½ ಅಂತಲೇ ಅಚ್ಚಾಗುತ್ತಿತ್ತು. ಅದು ಇನ್ನೂ ಕಷ್ಟ ಅಲ್ವಾ? ‘ಳಿ’ ಬಂದದ್ದಕ್ಕೆ ಯಾರೋ ನೋಡಿ ವಾಪಸ್ ಕಳಿಸಿದರು. ½ ಬಂದಿದ್ದರೆ ಸರಿ ಇದೆ ಎಂದು ಸಹಿ ಬಿದ್ದು ಹೋಗುತ್ತಿತ್ತೋ ಏನೋ.

ಇದೇ ಟೇಬಲ್‌ನಲ್ಲಿ ಇನ್ನೊಂದು ತಮಾಷೆ ಇತ್ತು. ವಾಕ್ಯಕ್ಕೆ ಇರುವ ಹಾಗೆ ಟೇಬಲ್‌ನ ಪ್ರತಿ ಮನೆಯ ಮೊದಲ ಅಕ್ಷರವನ್ನೂ ಕ್ಯಾಪಿಟಲ್ ಮಾಡುವ ಬೇರೆಯೇ ಒಂದು ಟಿಕ್ ಇದೆ. ಹಾಗಾಗಿ ಸಾಲು ಸಾಲಿಗೂ ‘ಜಮೀನು’ ಇರಬೇಕಾದಲ್ಲಿ ‘ಆಮೀನು’. ಅಜ್ಜ ಅದನ್ನು ಓದಿ, “ಇದು ಮೀನಿನ ಪಾಲು ಅಲ್ಲವಲ್ಲ” ಎಂದರು. ಮಲ್ಪೆಯ ಮೀನುಗಾರಿಕೆ ಬಂದರಿಗೆ ಹತ್ತಿರದವರು ನೋಡಿ, ಸಹಜ.

ಇಂಗ್ಲಿಷ್ ಕಾಗದಕ್ಕೂ ಕಾಟ ತಪ್ಪಿದ್ದಲ್ಲ. ಗಲ್ಫಿನಲ್ಲಿರುವ ಮಕ್ಕಳಿಗೆ ಓದಲಿಕ್ಕೆ ಅಂತ ಕೆಲವರು ವಿಲ್ ಇಂಗ್ಲಿಷಿನಲ್ಲಿ ಮಾಡಿಸುತ್ತಾರೆ. ಕಲಮುಗಳಿಗೆ ಬ್ರಾಕೆಟ್ಟಿನಲ್ಲಿ ಎ, ಬಿ, ಸಿ ಹಾಕುವುದು ಪದ್ಧತಿ. ಎ ಬಂತು, ಬಿ ಬಂತು, ಸಿ ಹಾಕಿ ಬ್ರಾಕೆಟ್ ಮುಚ್ಚಿದಾಗ ಅದು ಕಾಪಿರೈಟ್ ಚಿಹ್ನೆ © ಆಗುತ್ತದೆ. ಡಿಗೆ ಏನೂ ಇಲ್ಲ. ಇ ಹಾಕಿದಾಗ ಯುರೋ € ಬರುತ್ತದೆ. ಮನೆ ದೊಡ್ಡ ಮಗನಿಗೆ, ತೋಟ ಎರಡನೆಯವನಿಗೆ, ಬ್ಯಾಂಕಿನ ದುಡ್ಡು ಮಗಳಿಗೆ ಕಾಪಿರೈಟ್ ಸಮೇತ! ಬರೀ ನಗಬೇಕು.

ಇಷ್ಟೆಲ್ಲ ಹೇಳಿ ಆಟೋಕರೆಕ್ಟನ್ನು ಬೈಯುವುದು ನನ್ನ ಉದ್ದೇಶ ಅಲ್ಲ. ಇಂಗ್ಲಿಷ್ ಪತ್ರ ಬರೆಯುವವರಿಗೆ ಅದು ದೊಡ್ಡ ಉಪಕಾರ. 1993ರಲ್ಲಿ ವರ್ಡ್ 6 ಬಂದಾಗ ಇದು ಜೊತೆಗೆ ಬಂತು. ಬೆರಳು ತಪ್ಪಿ ಟಿ-ಇ-ಎಚ್ ಅಂತ ಒತ್ತಿದರೆ ಟಿ-ಎಚ್-ಇ ಮಾಡಿಕೊಡುವ ಹಾಗೆ ಅದನ್ನು ಮಾಡಿದ್ದು. ಅದನ್ನು ಮಾಡಿದವರ ಮನಸ್ಸಿನಲ್ಲಿ ನಮ್ಮ ನುಡಿ ಫಾಂಟೂ ಇರಲಿಲ್ಲ, ಕಲ್ಯಾಣಪುರದ ಪಹಣಿಯೂ ಇರಲಿಲ್ಲ. ನನ್ನ ತಕರಾರು ಇರುವುದು ನಮ್ಮ ಕಂಪ್ಯೂಟರ್ ತರಗತಿಗಳ ಮೇಲೆ. ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ಹಿಡಿದು ನನ್ನಲ್ಲಿಗೆ ಕೆಲಸ ಕೇಳಿಕೊಂಡು ಬರುವ ಹುಡುಗ-ಹುಡುಗಿಯರಿಗೆ ವರ್ಡ್‌ಆರ್ಟ್ ಗೊತ್ತು, ಬಣ್ಣದ ಬಾರ್ಡರ್ ಗೊತ್ತು, ಮೇಲ್ ಮರ್ಜ್ ಕೂಡ ಗೊತ್ತು. ಆಟೋಕರೆಕ್ಟ್ ಎಲ್ಲಿ ಆಫ್ ಮಾಡುವುದು ಎಂದರೆ ಮುಖ ಮುಖ ನೋಡುತ್ತಾರೆ. ಯಾರೂ ತೋರಿಸಿಕೊಟ್ಟಿಲ್ಲ. ಕನ್ನಡ ಟೈಪಿಂಗ್ ಕಲಿಸುವ ಕಡೆ ಇದು ಮೊದಲ ದಿನದ ಪಾಠ ಆಗಬೇಕು, ‘ಅ ಆ ಇ ಈ’ ಒತ್ತುವ ಮೊದಲೇ.

ಕಷ್ಟದ ಕೆಲಸವೇನಲ್ಲ. ವರ್ಡ್‌ನಲ್ಲಿ ಫೈಲ್ ಒತ್ತಿ, ಕೆಳಗೆ ಆಪ್ಶನ್ಸ್, ಅದರಲ್ಲಿ ಪ್ರೂಫಿಂಗ್, ಅಲ್ಲಿ ಮೇಲೆಯೇ ಆಟೋಕರೆಕ್ಟ್ ಆಪ್ಶನ್ಸ್ ಎಂಬ ಬಟನ್. ಒತ್ತಿದರೆ ಟಿಕ್‌ಗಳ ಪೆಟ್ಟಿಗೆ ತೆರೆಯುತ್ತದೆ. ಮೊದಲ ಟ್ಯಾಬಿನಲ್ಲಿ ವಾಕ್ಯದ ಮೊದಲ ಅಕ್ಷರ, ಟೇಬಲ್‌ನ ಮೊದಲ ಅಕ್ಷರ, ಎರಡು ಕ್ಯಾಪಿಟಲ್, ವಾರದ ಹೆಸರು, ಕ್ಯಾಪ್ಸ್ ಲಾಕ್ ಎಂದು ಇರುವ ಟಿಕ್‌ಗಳನ್ನೆಲ್ಲ ತೆಗೆಯಿರಿ. ಅದರ ಕೆಳಗೆ ‘ರಿಪ್ಲೇಸ್ ಟೆಕ್ಸ್ಟ್ ಆ್ಯಸ್ ಯು ಟೈಪ್’ ಎಂದು ಇದೆಯಲ್ಲ, ನುಡಿಯ ಹಳೆಯ ಫಾಂಟಿನಲ್ಲಿ ಕೆಲಸ ಮಾಡುವವರು ಅದನ್ನೂ ತೆಗೆಯಬೇಕು. © ಮತ್ತು € ಬರುವುದು ಅದರ ಪಟ್ಟಿಯಿಂದಲೇ. ಇಂಗ್ಲಿಷ್ ಮಾತ್ರ ಮಾಡುವವರು ಆ ಟಿಕ್ ಇಟ್ಟುಕೊಂಡು, ಪಟ್ಟಿಯಿಂದ ಅವೆರಡನ್ನು ಆರಿಸಿ ಡಿಲೀಟ್ ಒತ್ತಿದರೆ ಸಾಕು.

½ರ ಟಿಕ್ ಇರುವುದು ಬೇರೆ ಟ್ಯಾಬಿನಲ್ಲಿ. ತಿಳಿದವರೂ ಎಡವುವುದು ಇಲ್ಲೇ. ಆ ಪೆಟ್ಟಿಗೆಯಲ್ಲಿ ಆಟೋಫಾರ್ಮ್ಯಾಟ್ ಎಂಬ ಟ್ಯಾಬ್ ಎರಡು ಇವೆ. ಒಂದರ ಹೆಸರು ಬರೀ ‘ಆಟೋಫಾರ್ಮ್ಯಾಟ್’, ಇನ್ನೊಂದರದು ‘ಆಟೋಫಾರ್ಮ್ಯಾಟ್ ಆ್ಯಸ್ ಯು ಟೈಪ್’. ಒಳಗಿನ ಟಿಕ್‌ಗಳೂ ಹೆಚ್ಚುಕಡಿಮೆ ಒಂದೇ ರೀತಿ. ಟೈಪ್ ಮಾಡುವಾಗ ಕೈ ಹಾಕುವುದು ಎರಡನೆಯದು. ಜನ ಮೊದಲನೆಯದರಲ್ಲಿ ಟಿಕ್ ತೆಗೆದು, ಓಕೆ ಒತ್ತಿ, “ತೆಗೆದಾಯ್ತು ಮೇಡಂ, ಆದರೂ ಬರ್ತಾ ಇದೆ” ಅನ್ನುತ್ತಾರೆ. ‘ಆ್ಯಸ್ ಯು ಟೈಪ್’ ಇರುವುದಕ್ಕೇ ಹೋಗಿ, ಫ್ರ್ಯಾಕ್ಷನ್ಸ್ ಎಂದು ಇರುವ ಟಿಕ್ ತೆಗೆಯಿರಿ. ತಾನಾಗಿ ನಂಬರ್ ಹಾಕುವುದು, ಮೂರು ಗೀಟು ಎಳೆದು ಎಂಟರ್ ಒತ್ತಿದರೆ ಪುಟದ ಅಗಲಕ್ಕೆ ಗೆರೆ ಬರುವುದು, ಎರಡೂ ಅಲ್ಲೇ ಇವೆ. ಬೇಡವಾದರೆ ತೆಗೆಯಿರಿ. ಆ ಗೆರೆಯನ್ನು ಅಳಿಸಲು ಡಿಲೀಟ್ ಒತ್ತಿ ಒತ್ತಿ ಸೋತವರು ಎಷ್ಟೋ ಮಂದಿ. ಅದು ಅಕ್ಷರವೇ ಅಲ್ಲ, ಪ್ಯಾರಾದ ಬಾರ್ಡರ್. ಬಾರ್ಡರ್ಸ್‌ಗೆ ಹೋಗಿ ನೋ ಬಾರ್ಡರ್ ಕೊಡಬೇಕು.

ಟಿಕ್ ತೆಗೆದದ್ದರಿಂದ ಮೊದಲೇ ಕೆಟ್ಟದ್ದು ಸರಿಯಾಗುವುದಿಲ್ಲ, ಅದನ್ನು ಕೈಯಲ್ಲೇ ತಿದ್ದಬೇಕು. ಮತ್ತೆ, ಈ ಸೆಟ್ಟಿಂಗ್ ಇರುವುದು ಆ ಕಂಪ್ಯೂಟರಿನಲ್ಲಿ, ಫೈಲಿನಲ್ಲಿ ಅಲ್ಲ. ನನ್ನ ಅಂಗಡಿಯಲ್ಲಿ ಸರಿ ಮಾಡಿ ಕೊಟ್ಟ ಫೈಲನ್ನು ನೀವು ಮನೆಯಲ್ಲೋ ಕಚೇರಿಯಲ್ಲೋ ತೆರೆದು ಒಂದು ಸಾಲು ಸೇರಿಸಿದರೆ ಅಲ್ಲಿನ ಆಟೋಕರೆಕ್ಟ್ ಆ ಸಾಲಿಗೆ ಕೈ ಹಾಕುತ್ತದೆ. ಆಮೇಲೆ ನನ್ನ ಹತ್ತಿರ ಬಂದು ಜಗಳ ಮಾಡಬೇಡಿ. ಬೇರೆಯವರ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ ಮುಟ್ಟಲು ಸಂಕೋಚವಾದರೆ, ಅಕ್ಷರ ಬದಲಾದ ಕೂಡಲೇ ಒಮ್ಮೆ ಕಂಟ್ರೋಲ್ ಜೆಡ್ ಒತ್ತಿ. ನೀವು ಒತ್ತಿದ್ದು ಹಾಗೇ ಉಳಿಯುತ್ತದೆ.

ಲಿಬ್ರೆ ಆಫೀಸ್ ಬಳಸುವವರು ಟೂಲ್ಸ್ ಮೆನುವಿನಲ್ಲಿ ಆಟೋಕರೆಕ್ಟ್ ಹುಡುಕಿ. ಅಲ್ಲಿ ‘ವರ್ಡ್ ಕಂಪ್ಲೀಷನ್’ ಆನ್ ಇದ್ದರೆ ಅದನ್ನೂ ಆಫ್ ಮಾಡಿ. ಇಲ್ಲದಿದ್ದರೆ ಹೊಸ ಸಾಲಿಗೆಂದು ಎಂಟರ್ ಒತ್ತಿದಾಗ ನೀವು ಕೇಳದ ಪದ ಬಂದು ಕೂರುತ್ತದೆ. ಗೂಗಲ್ ಡಾಕ್ಸ್‌ನಲ್ಲಾದರೆ ಟೂಲ್ಸ್, ಪ್ರಿಫರೆನ್ಸಸ್.

ಕೆಂಪು ಗೆರೆಯ ಬಗ್ಗೆ ಒಂದು ಮಾತು. ನಮ್ಮಲ್ಲಿ ಗಿರಾಕಿಗಳು ಹಿಂದೆ ನಿಂತು ಪರದೆ ನೋಡುತ್ತಾ ಇರುತ್ತಾರೆ. ದೈವದ ನೇಮದ ಆಮಂತ್ರಣದಲ್ಲಿ ತುಳು ಸಾಲು ಇರುತ್ತದೆ, ಮದುವೆಯದ್ದರಲ್ಲಿ ಕೊಂಕಣಿ ಇರುತ್ತದೆ. ಅದರ ಕೆಳಗೆಲ್ಲ ಕೆಂಪು ಗೆರೆ. “ತಪ್ಪು ಅಂತ ತೋರಿಸ್ತಾ ಉಂಟಲ್ಲ?” ಅನ್ನುತ್ತಾರೆ. ಅದು ತಪ್ಪಲ್ಲ, ಆ ಪದ ತನಗೆ ಗೊತ್ತಿಲ್ಲ ಎಂದು ಕಂಪ್ಯೂಟರ್ ಹೇಳುವುದು, ಅಷ್ಟೆ. ಅಚ್ಚಿನಲ್ಲಿ ಅದು ಬರುವುದಿಲ್ಲ. ಕೆಂಪು ಗೆರೆ ಎಷ್ಟೋ ಪ್ರಾಮಾಣಿಕ, ಸಂಶಯ ಇದೆ ಎಂದು ತೋರಿಸಿ ಸುಮ್ಮನಾಗುತ್ತದೆ. ಕೇಳದೆ ಬದಲಾಯಿಸಿ ಗುರುತೂ ಬಿಡದೆ ಹೋಗುವವನೇ ಕಷ್ಟ.

ಆಟೋಕರೆಕ್ಟ್‌ನ ಪಟ್ಟಿಯನ್ನು ನಮ್ಮ ಕೆಲಸಕ್ಕೂ ಬಳಸಬಹುದು, ಅದನ್ನೂ ಹೇಳಿಬಿಡುತ್ತೇನೆ. ಯೂನಿಕೋಡ್ ಕನ್ನಡದಲ್ಲಿ ನಾನು ‘ಉತಾಜಿ’ ಎಂದು ಒತ್ತಿ ಸ್ಪೇಸ್ ಕೊಟ್ಟರೆ ‘ಉಡುಪಿ ತಾಲೂಕು ಮತ್ತು ಜಿಲ್ಲೆ’ ಎಂದು ಬೀಳುವ ಹಾಗೆ ಮಾಡಿಕೊಂಡಿದ್ದೇನೆ. ಅಫಿದವಿತ್‌ನ ಕೊನೆಯ ಸಾಲು, ದೇವಸ್ಥಾನಗಳ ಉದ್ದುದ್ದ ಹೆಸರು, ಎಲ್ಲದಕ್ಕೂ ಹೀಗೊಂದು ಗಿಡ್ಡ ಹೆಸರು ಇದೆ. ಬದಲಿಗೆ ಬರುವ ಪಠ್ಯ 255 ಅಕ್ಷರದವರೆಗೆ ಇರಬಹುದು. ಒಂದೇ ನಿಯಮ: ಗಿಡ್ಡ ಹೆಸರು ನಿಜವಾದ ಪದ ಆಗಿರಬಾರದು. ರಜೆಯಲ್ಲಿ ಬಂದ ಅಕ್ಕನ ಮಗ ‘ಮಾವ’ ಎಂದು ಒತ್ತಿದರೆ ‘ಬಡ್ಡಿಮಗ’ ಬರುವ ಹಾಗೆ ಮಾಡಿಟ್ಟು ಊರಿಗೆ ಹೋಗಿದ್ದ. ಮದುವೆ ಸೀಸನ್ ಬೇರೆ. ಪ್ರೂಫ್ ನೋಡುವಾಗ ಸಿಕ್ಕಿಬಿತ್ತು, ದೇವರು ದೊಡ್ಡವನು.

ಇನ್ನು ಕೊನೆಯ ವಿಷಯ, ಯೂನಿಕೋಡ್. ಅದರಲ್ಲಿ ಕನ್ನಡಕ್ಕೆ ತನ್ನದೇ ಜಾಗ ಇದೆ, 1991ರ ಮೊದಲ ಆವೃತ್ತಿಯಿಂದಲೂ ಇದೆ. ಕನ್ನಡದಲ್ಲಿ ಕ್ಯಾಪಿಟಲ್ ಅಕ್ಷರವೇ ಇಲ್ಲದ ಕಾರಣ ‘ಚಯವಿಟ್ಟು’ ಹುಟ್ಟುವುದೇ ಇಲ್ಲ. ಕೀಲಿಮಣೆ ಹೊಸದಾಗಿ ಕಲಿಯಬೇಕಾಗಿಯೂ ಇಲ್ಲ. ಮಂಗಳೂರು ಹತ್ತಿರದ ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನೇ ಆಧರಿಸಿದ ಕೀಲಿಮಣೆ ಅಲ್ಲೂ ಇದೆ, ಬೆರಳಿಗೆ ಅದೇ ಅಭ್ಯಾಸ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ. ಹಾಗಿದ್ದೂ ನಾವೇಕೆ ಹಳೆಯ ಫಾಂಟಿನಲ್ಲಿ ಇದ್ದೇವೆ? ಪ್ರೆಸ್ಸಿನವರು ಪುಟ ಜೋಡಿಸುವ ಹಳೆಯ ತಂತ್ರಾಂಶ ಪೇಜ್‌ಮೇಕರ್ ಬಿಡುವುದಿಲ್ಲ. ಅದರ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಕನ್ನಡ ಹಿಡಿಸುವುದಿಲ್ಲ. ಅವರನ್ನೂ ಪೂರ್ತಿ ಬೈಯಲಾರೆ. ಕೈಗೆ ಕೂತ ಕೆಲಸ, ದೇವಸ್ಥಾನಗಳ ಬ್ರಹ್ಮಕಲಶದ ಸೀಸನ್‌ನಲ್ಲಿ ರಾತ್ರಿ ಎರಡು ಗಂಟೆಗೆ ಅಚ್ಚಿನ ಪ್ಲೇಟ್ ಹೋಗಬೇಕು, ಆಗ ಹೊಸದು ಕಲಿಯಲು ಯಾರಿಗೆ ಪುರುಸೊತ್ತು? ಆದರೆ ಬರೀ ಪ್ರಿಂಟ್ ತೆಗೆದು ಸಹಿ ಹಾಕುವ ಕಾಗದಕ್ಕೆ, ಪಾಲುಪಟ್ಟಿ, ಕರಾರು, ಅರ್ಜಿಗಳಿಗೆ, ಪೇಜ್‌ಮೇಕರ್‌ನ ಹಂಗು ಏಕೆ? ಅಲ್ಲಿ ಇವತ್ತೇ ಬಿಡಬಹುದು. ಕಚೇರಿಗಳು ‘ನುಡಿ ಫಾಂಟಿನಲ್ಲೇ ತನ್ನಿ’ ಎಂದು ಹೇಳುವುದನ್ನು ನಿಲ್ಲಿಸಿದರೆ ಅರ್ಧ ಕೆಲಸ ಆಯಿತು. ½ರ ಟಿಕ್ ಮಾತ್ರ ಆಗಲೂ ತೆಗೆಯಲೇಬೇಕು, ಮರೆಯಬೇಡಿ.

ತಪ್ಪುಗಳ ಪಟ್ಟಿ ಕಳಿಸಿದ್ದ ಆ ಓದುಗರಲ್ಲಿ ಒಂದು ವಿನಂತಿ. ಮುಂದಿನ ಸಲ ಇಂಥ ಪದ ಸಿಕ್ಕಿದರೆ ಅದು ವಾಕ್ಯದ ಮೊದಲಿಗೆ ಬಂದಿದೆಯೇ ಎಂದು ನೋಡಿ. ಮೊದಲಿಗೆ ಬಂದಿದ್ದರೆ ಈ ಪತ್ರವನ್ನು ಕತ್ತರಿಸಿ ಆ ಪ್ರೆಸ್ಸಿಗೆ ಕೊಡಿ. ನಡುವೆ ಬಂದಿದ್ದರೆ ಧಾರಾಳ ಬೈಯಿರಿ, ನಾನು ಅಡ್ಡ ಬರುವುದಿಲ್ಲ.

ಇಂತಿ,
ಡಿಟಿಪಿ ಅಂಗಡಿಯ ಒಡತಿ,
ಉಡುಪಿ